ಚುಟ್ಟಿಯ ಬಿಳುಪು, ಕಿರೀಟದ ಕೆಂಪು

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿದ ಮೇಲೆ ಉಡುಪಿಯಿಂದ ನಮ್ಮ ಫೋಟೋಗ್ರಾಫರ್ ಅಣ್ಣ ಮಂಗಳೂರಿಗೆ ಬಂದರು. ಕೈಯಲ್ಲಿ ಎರಡು ಹಾರ್ಡ್ ಡಿಸ್ಕ್. ಹದಿನೈದು ವರ್ಷಗಳ ತಿರುಗಾಟದಲ್ಲಿ ರಾತ್ರಿ ನಿದ್ದೆಗೆಟ್ಟು ತೆಗೆದ ಯಕ್ಷಗಾನದ ಚಿತ್ರಗಳು, ಮೂವತ್ತು ಸಾವಿರಕ್ಕೂ ಮಿಕ್ಕಿ. "ಇದೆಲ್ಲ ಮೊಬೈಲಲ್ಲಿ ಬೇಗ ತೆರೆಯುವ ಹಾಗೆ ಮಾಡಿಕೊಡು ಮಾರಾಯ. ಮುಂದಿನ ತಿರುಗಾಟ ಶುರುವಾಗುವ ಮೊದಲು ಆಗಬೇಕು" ಎಂದರು. ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡಿನ ಕೆಲಸ. ಆದರೆ ಇದನ್ನು ನಾನು ಒಪ್ಪಿಕೊಂಡದ್ದು ಚಿಕ್ಕಂದಿನಿಂದ ನೋಡಿದ ಆ ವೇಷಗಳ ಮೇಲಿನ ಪ್ರೀತಿಗೆ.

ಬೇಗ ತೆರೆಯಬೇಕಾದರೆ ಚಿತ್ರಗಳನ್ನು ಕುಗ್ಗಿಸಬೇಕು. ಮೊದಲು ಹಿಡಿದದ್ದು ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ತಿದ್ದುವ ತಂತ್ರಾಂಶ. ಹಳೆಯ, ಗಟ್ಟಿ ಸಲಕರಣೆ. ಅದು ಮಾಡದ ಕೆಲಸವಿಲ್ಲ. ಆದರೆ ಅದು ಇಡೀ ಚಿತ್ರವನ್ನು ಪಿಕ್ಸೆಲ್‌ಗಳಾಗಿ ಬಿಡಿಸಿ ಮೆಮೊರಿಯಲ್ಲಿ ಇಟ್ಟುಕೊಂಡೇ ಕೆಲಸ ಶುರು ಮಾಡುತ್ತದೆ. ಅಣ್ಣನ ಕ್ಯಾಮೆರಾದ ಚಿತ್ರ 6000 ಅಗಲ, 4000 ಎತ್ತರ. ಅಂದರೆ 2.4 ಕೋಟಿ ಪಿಕ್ಸೆಲ್. ಒಂದೊಂದಕ್ಕೆ 8 ಬೈಟ್ ಹಿಡಿದರೂ ಒಂದು ಚಿತ್ರಕ್ಕೆ 192 ಎಂಬಿ. ಎಂಟು ಚಿತ್ರ ಒಟ್ಟಿಗೆ ಓಡಿಸಿದ್ದೇ ತಡ, ನನ್ನ ಹಳೆಯ ಯಂತ್ರ ಮೆಮೊರಿ ಸಾಲದೆ ಡಿಸ್ಕನ್ನೇ ಮೆಮೊರಿಯಾಗಿ ಬಳಸುವ ಸ್ವಾಪ್‌ಗೆ ಇಳಿದು ಕರ್ಸರ್ ಕೂಡ ಅಲುಗಾಡಲಿಲ್ಲ.

ಹಾಗಾಗಿ ಲಿಬ್‌ವಿಪ್ಸ್ ಎಂಬ ಇನ್ನೊಂದು ಚಿತ್ರ ಸಲಕರಣೆಗೆ ಬಂದೆ, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಅದನ್ನು ಬಳಸಲು ಶಾರ್ಪ್ ಎಂಬ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು. ಲಿಬ್‌ವಿಪ್ಸ್ ಹುಟ್ಟಿದ್ದು 1990ರ ಆಸುಪಾಸಿನಲ್ಲಿ, ಲಂಡನ್ನಿನ ನ್ಯಾಷನಲ್ ಗ್ಯಾಲರಿ ಸೇರಿಕೊಂಡಿದ್ದ ವಸಾರಿ ಯೋಜನೆಯಲ್ಲಿ. ಹಳೆಯ ವರ್ಣಚಿತ್ರಗಳ ಬಣ್ಣವನ್ನು ಸರಿಯಾಗಿ ಅಳೆದಿಡುವುದು ಆ ಯೋಜನೆಯ ಉದ್ದೇಶ. ಬಣ್ಣವನ್ನೇ ಕಾಯಲು ಹುಟ್ಟಿದ ಲೈಬ್ರರಿ ಎಂದು ಗೊತ್ತಾದಾಗ ನನಗೆ ಒಂಥರಾ ಸಮಾಧಾನ. ಅದು ಚಿತ್ರವನ್ನು ಪೂರ್ತಿ ಒಳಗೆ ಎಳೆದುಕೊಳ್ಳುವುದಿಲ್ಲ, ಬೇಕಾದ ಭಾಗವನ್ನು ಬೇಕಾದಾಗ ಓದಿ, ಮುಗಿಸಿ, ಮುಂದಕ್ಕೆ ಹೋಗುತ್ತದೆ. ಜೆಪೆಗ್ ಆದರೆ ಇನ್ನೂ ಒಂದು ಅನುಕೂಲ ಉಂಟು. ಜೆಪೆಗ್ ಚಿತ್ರ 8×8ರ ಚೌಕಗಳಾಗಿ ಉಳಿದಿರುವುದರಿಂದ ಬಿಡಿಸುವಾಗಲೇ ಅರ್ಧ, ಕಾಲು ಅಥವಾ ಎಂಟನೇ ಒಂದು ಗಾತ್ರಕ್ಕೆ ಬಿಡಿಸಿಕೊಳ್ಳಬಹುದು. ಕಾಲು ಗಾತ್ರಕ್ಕೆ ಬಿಡಿಸಿದರೆ ಮುಂದೆ ಮುಟ್ಟಬೇಕಾದ ಪಿಕ್ಸೆಲ್ ಹದಿನಾರರಲ್ಲಿ ಒಂದು ಪಾಲು ಮಾತ್ರ. ವೇಗದ ಗುಟ್ಟು ಬಹುಮಟ್ಟಿಗೆ ಇಲ್ಲೇ.

ಶಾರ್ಪ್ ಹೇಗಿತ್ತೋ ಹಾಗೆಯೇ, ಒಂದು ಸೆಟ್ಟಿಂಗೂ ಮುಟ್ಟದೆ ಐವತ್ತು ಚಿತ್ರ ಮಾಡಿ, ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮಾಡುವ ನಮ್ಮ ಸಂಬಂಧದ ಮಾವ ಒಬ್ಬರಿಗೆ ಕಳಿಸಿದೆ. ರಾತ್ರಿ ಫೋನ್ ಬಂತು.

"ಚುಟ್ಟಿ ಎಲ್ಲಿ ಹೋಯಿತು ಮಗಾ? ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಒಂದೊಂದೇ ಇಟ್ಟದ್ದು. ಇದರಲ್ಲಿ ಬೂದಿ ಬಳಿದ ಹಾಗೆ ಕಾಣುತ್ತದೆ. ಕೆಂಪೂ ಕದಡಿ ಹೋಗಿದೆ."

ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟು ದೊಡ್ಡದು ಮಾಡಿ ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಅಕ್ಕಿಹಿಟ್ಟು, ಸುಣ್ಣದಲ್ಲಿ ಮುಳ್ಳುಮುಳ್ಳಾಗಿ ಎದ್ದು ನಿಲ್ಲುವ ಚುಟ್ಟಿಯ ಆ ಬಿಳಿ ಚುಕ್ಕೆಗಳು ಮಂಕಾಗಿದ್ದವು. ಕೆಂಪು ಬಣ್ಣ ಕಪ್ಪು ಗೆರೆಯ ಮೇಲೆ ಹರಿದಿತ್ತು. ಆ ಆಟಿ ತಿಂಗಳು ಪೂರ್ತಿ ನಾನು ಈ ಎರಡರ ಹಿಂದೆ ಬಿದ್ದೆ.

ಕೆಂಪಿನ ಕಾರಣ ಬೇಗ ಸಿಕ್ಕಿತು. ಜೆಪೆಗ್ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡಿ ಇಡುತ್ತದೆ. 4:2:0 ಎಂಬ ಕ್ರಮದಲ್ಲಿ ಬೆಳಕಿನ ವಿವರ ಪ್ರತಿ ಪಿಕ್ಸೆಲ್‌ಗೂ ಉಂಟು, ಬಣ್ಣದ ವಿವರ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದು. ಶಾರ್ಪ್ ತಾನಾಗಿ ಆರಿಸಿಕೊಳ್ಳುವುದು ಇದನ್ನೇ. ಕಡಲತೀರದ ಫೋಟೋಕ್ಕೋ ಹಸಿರು ಗದ್ದೆಗೋ ಇದು ಸಾಕು, ಕಣ್ಣಿಗೆ ತಿಳಿಯುವುದಿಲ್ಲ. ಆದರೆ ಶುದ್ಧ ಕೆಂಪಿನಲ್ಲಿ ಬೆಳಕಿನ ಅಂಶ ಕಡಿಮೆ, ಅದರ ಅಂಚು ನಿಂತಿರುವುದು ಬಣ್ಣದ ಮೇಲೆಯೇ. ಕೆಂಪು, ಕಪ್ಪು ಒಂದಕ್ಕೊಂದು ತಾಗಿ ಕೂರುವ ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನ ಮುಖವರ್ಣಿಕೆಗೆ ಇದಕ್ಕಿಂತ ಕೆಟ್ಟ ಹೊಂದಾಣಿಕೆ ಇನ್ನೊಂದಿಲ್ಲ. ಬಣ್ಣದ ವಿವರವೂ ಪ್ರತಿ ಪಿಕ್ಸೆಲ್‌ಗೆ ಉಳಿಯುವ 4:4:4ಕ್ಕೆ ಬದಲಿಸಿದೆ. ಫೈಲ್ ದೊಡ್ಡದಾಯಿತು. ಅದನ್ನು ಸರಿದೂಗಿಸಲು ಮೋಝ್‌ಜೆಪೆಗ್ ಆಯ್ಕೆ ಹಾಕಿದೆ. ಅದು ನಿಧಾನ, ಆದರೆ ಅಷ್ಟೇ ಅಂದಕ್ಕೆ ಫೈಲ್ ಸಣ್ಣದು. ಒಮ್ಮೆ ಮಾಡಿ ಸಾವಿರ ಸಲ ನೋಡುವ ಚಿತ್ರಕ್ಕೆ ಆ ಸಮಯ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬಿಳಿ ಚುಕ್ಕೆಯ ವಿಷಯ ಹೆಚ್ಚು ಸತಾಯಿಸಿತು. ಕಪ್ಪಿಗೆ 0, ಬಿಳಿಗೆ 255. ಎರಡು ಪಿಕ್ಸೆಲ್ ಒಂದಾಗಬೇಕಾದಾಗ ಲೈಬ್ರರಿ ಸರಾಸರಿ ತೆಗೆದು 128 ಎನ್ನುತ್ತದೆ. ಆದರೆ ಈ ಅಂಕಿಗಳು ಬೆಳಕಿನ ನೇರ ಅಳತೆಯಲ್ಲ, ಕಣ್ಣಿನ ಗ್ರಹಿಕೆಗೆ ತಕ್ಕಂತೆ ಗಾಮಾ ಎಂಬ ಬಾಗು ಹಾಕಿ ಬಗ್ಗಿಸಿದವು. ನಿಜವಾಗಿ ಅರ್ಧ ಬೆಳಕು ಬೇಕಾದರೆ 188ರ ಹತ್ತಿರ ಇರಬೇಕು. ಹಗಲಿನ ಚಿತ್ರದಲ್ಲಿ ಈ ವ್ಯತ್ಯಾಸ ಗೊತ್ತಾಗದು. ಕತ್ತಲ ಹಿನ್ನೆಲೆಯಲ್ಲಿ ಸಣ್ಣ ಸಣ್ಣ ಬೆಳಕಿನ ಬಿಂದುಗಳಿದ್ದರೆ ಎಲ್ಲವೂ ಕಂದುತ್ತವೆ. ರಂಗಸ್ಥಳದ ಚಿತ್ರ ಅಂದರೆ ಅದೇ ಅಲ್ಲವೇ! ಚುಟ್ಟಿ ಮಾತ್ರವಲ್ಲ, ಕಿರೀಟದ ಕನ್ನಡಿ ಚೂರುಗಳ ಮಿನುಗೂ ಹೀಗೆಯೇ ಸತ್ತಿತ್ತು.

ಶಾರ್ಪ್‌ನಲ್ಲಿ ಗಾಮಾ ಎಂಬ ಆಯ್ಕೆ ಉಂಟು. ಕುಗ್ಗಿಸುವ ಮೊದಲು ಬಾಗು ತೆಗೆದು, ಕುಗ್ಗಿಸಿದ ಮೇಲೆ ಮತ್ತೆ ಹಾಕುತ್ತದೆ. ಹಾಕಿದ ಕೂಡಲೇ ಚುಟ್ಟಿ ಬೆಳ್ಳಗಾಯಿತು, ವೇಗ ಮಾತ್ರ ಕುಸಿಯಿತು. ಈ ಆಯ್ಕೆ ಇದ್ದಾಗ ಜೆಪೆಗ್‌ನ್ನು ಸಣ್ಣದಾಗಿ ಬಿಡಿಸಿಕೊಳ್ಳುವ ಉಪಾಯ ನಡೆಯುವುದಿಲ್ಲ, 2.4 ಕೋಟಿ ಪಿಕ್ಸೆಲ್ಲೂ ಹಾದು ಹೋಗಲೇಬೇಕು.

ಅದಕ್ಕೆ ನಾನು ಕಂಡುಕೊಂಡ ದಾರಿ ಹೀಗೆ. ಅಣ್ಣನ ಹತ್ತಿರ ಕೂತು ಫೋಲ್ಡರ್‌ಗಳನ್ನು ಎರಡು ಪಾಲು ಮಾಡಿದೆ. ರಾತ್ರಿಯ ರಂಗಸ್ಥಳ ಒಂದು ಕಡೆ, ಬಣ್ಣ ಹಚ್ಚಿಕೊಳ್ಳುವ ಚೌಕಿ ಮತ್ತು ಹಗಲಿನವು ಇನ್ನೊಂದು ಕಡೆ. ಗಾಮಾ ಮೊದಲನೆಯದಕ್ಕೆ ಮಾತ್ರ. ದೊಡ್ಡ ಚಿತ್ರವನ್ನು ಒಂದೇ ಸಲ ಬಿಡಿಸಿ 1600 ಅಗಲಕ್ಕೆ ತಂದು, ಅದನ್ನು ಜೆಪೆಗ್ ಮಾಡುವ ಮೊದಲೇ ಮೆಮೊರಿಯಲ್ಲಿ ಕಚ್ಚಾ ಪಿಕ್ಸೆಲ್‌ಗಳಾಗಿ ಹಿಡಿದಿಟ್ಟು, 800 ಮತ್ತು 320ರ ಗಾತ್ರಗಳನ್ನು ಅದರಿಂದಲೇ ತೆಗೆದೆ. ಮೂರು ಸಲ ಬಿಡಿಸುವುದು ತಪ್ಪಿತು.

ಉತ್ತರದ ಶೈಲಿಯಾದ ಬಡಗುತಿಟ್ಟಿನ ಚಿತ್ರಗಳಲ್ಲಿ ಬೇರೆಯೇ ತೊಂದರೆ. ಕಸೆ ಸೀರೆಯ ಚೌಕುಳಿಯ ಮೇಲೆ ಇಲ್ಲದ ಅಲೆಗಳು ಎದ್ದವು. ಮೊಯರೆ ಎನ್ನುತ್ತಾರೆ ಅದಕ್ಕೆ. ಫಾಸ್ಟ್‌ಶ್ರಿಂಕ್‌ಆನ್‌ಲೋಡ್ ಎಂಬ ಆಯ್ಕೆ ಮೊದಲಿನಿಂದಲೇ ಚಾಲೂ ಇರುತ್ತದೆ, ಬಿಡಿಸುವಾಗಲೇ ಆದಷ್ಟೂ ಕುಗ್ಗಿಸಿಕೊಳ್ಳುವುದು ಅದರ ಕೆಲಸ. ಅದನ್ನು ಆಫ್ ಮಾಡಿದಾಗ ಕೊನೆಯ ಹಂತದಲ್ಲಿ ಕುಗ್ಗಿಸುವ ಲ್ಯಾಂಕ್ಝೋಸ್ ಫಿಲ್ಟರ್‌ಗೆ ಸಾಕಷ್ಟು ಪಿಕ್ಸೆಲ್ ಉಳಿದು, ಚೌಕುಳಿ ಚೌಕುಳಿಯಾಗಿಯೇ ಬಂತು. ಸ್ವಲ್ಪ ವೇಗ ಹೋಯಿತು, ಹೋಗಲಿ.

ಥ್ರೆಡ್‌ಗಳ, ಅಂದರೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳ, ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಚಿತ್ರದೊಳಗೆ ಎಷ್ಟು ಥ್ರೆಡ್ ಎನ್ನುವುದು ಒಂದು ಸೆಟ್ಟಿಂಗ್, ಒಟ್ಟಿಗೆ ಎಷ್ಟು ಚಿತ್ರ ಎನ್ನುವುದು ಇನ್ನೊಂದು. ಎರಡನೆಯದು ನೋಡ್‌ನ ಥ್ರೆಡ್‌ಪೂಲ್‌ನ ಕೈಯಲ್ಲಿದೆ, ಬದಲಿಸದಿದ್ದರೆ 4. ಸಾವಿರಾರು ಚಿತ್ರ ಸಾಲುಗಟ್ಟಿ ನಿಂತಿರುವಾಗ ಎರಡನ್ನೂ ಏರಿಸಿದರೆ ಥ್ರೆಡ್‌ಗಳೇ ಒಂದನ್ನೊಂದು ತಳ್ಳಾಡುತ್ತವೆ. ಎಂಟು ಕೋರ್‌ನ ಯಂತ್ರದಲ್ಲಿ ಒಳಗೆ 1, ಪೂಲ್ 8 ಎಂದಿಟ್ಟೆ. ಮಾಡಿದ್ದನ್ನು ನೆನಪಿಟ್ಟುಕೊಳ್ಳುವ ಕ್ಯಾಶ್ ತೆಗೆದುಹಾಕಿದೆ, ಒಂದು ಚಿತ್ರ ಎರಡನೆಯ ಸಲ ಬರುವುದೇ ಇಲ್ಲವಲ್ಲ. ಲಿನಕ್ಸ್‌ನ ಸಾಮಾನ್ಯ ಮೆಮೊರಿ ಹಂಚಿಕೆಯಲ್ಲಿ ಬಳಕೆ ಏರುತ್ತಲೇ ಹೋಗುತ್ತಿತ್ತು. ಜೆಮ್ಯಾಲಕ್ ಎಂಬ ಬೇರೆ ಹಂಚಿಕೆ ಹಾಕಿದ ಮೇಲೆ ಒಂದು ಮಟ್ಟದಲ್ಲಿ ನಿಂತಿತು.

ಅಣ್ಣನ ಹಳೆಯ ಚಿತ್ರಗಳು ಕೆಲವು ಅಡೋಬಿ ಆರ್‌ಜಿಬಿ ಎಂಬ ಬಣ್ಣ ಪದ್ಧತಿಯಲ್ಲಿದ್ದವು. ಇಮೇಜ್‌ಮ್ಯಾಜಿಕ್‌ನ ಮೊದಲ ಪ್ರಯತ್ನದಲ್ಲಿ ಬಣ್ಣ ಬದಲಿಸದೆ, ಪದ್ಧತಿ ಯಾವುದೆಂದು ಹೇಳುವ ಪ್ರೊಫೈಲ್ ಮಾತ್ರ ಕಿತ್ತುಹಾಕಿದ್ದರಿಂದ ಅವು ಸಪ್ಪೆಯಾಗಿದ್ದವು. ಮೊದಲು ವೆಬ್‌ನಲ್ಲಿ ಸಾಮಾನ್ಯವಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಆಮೇಲೆ ಪ್ರೊಫೈಲ್ ತೆಗೆಯಬೇಕು. ಶಾರ್ಪ್ ತಾನೇ ಹಾಗೆ ಮಾಡುತ್ತದೆ. ಕ್ಯಾಮೆರಾ ಅಡ್ಡವೋ ಉದ್ದವೋ ಎಂಬ ಮಾಹಿತಿಯೂ ಜೊತೆಗೆ ಅಳಿಸಿ ಹೋಗುವುದರಿಂದ ಅದಕ್ಕೆ ತಕ್ಕಂತೆ ಮೊದಲೇ ತಿರುಗಿಸಿಕೊಳ್ಳಬೇಕು.

ಜೆಪೆಗ್ ಬದಲು ವೆಬ್‌ಪಿ ಎಂಬ ಹೊಸ ಫೈಲ್ ಬಗೆ ಬೇಡವೇ ಎಂದು ಗೆಳೆಯರು ಕೇಳಿದರು. ಅದರ ಸಾಮಾನ್ಯ ರೂಪಕ್ಕೆ 4:2:0 ಬಿಟ್ಟು ಬೇರೆ ಗೊತ್ತಿಲ್ಲ, ಕೆಂಪಿನ ಕತೆ ಮತ್ತೆ ಮೊದಲಿಗೆ. ಇನ್ನೊಂದು ಬಗೆಯಾದ ಎವಿಫ್‌ಗೆ 4:4:4 ಗೊತ್ತು, ಫೈಲೂ ಚಿಕ್ಕದು, ಆದರೆ ಮಾಡಲು ಹಿಡಿಯುವ ಸಮಯ ಬಹಳ. 320ರ ಗಾತ್ರಕ್ಕೆ ಮಾತ್ರ ಬಳಸುತ್ತಿದ್ದೇನೆ.

ಅಷ್ಟಮಿಯ ಮರುದಿನ ಅದೇ ಐವತ್ತು ಚಿತ್ರಗಳನ್ನು ಮಾವನಿಗೆ ಮತ್ತೆ ಕಳಿಸಿದೆ. ಈ ಸಲ ಫೋನ್ ಬರಲಿಲ್ಲ, ಅವರೇ ಮನೆಗೆ ಬಂದರು. ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಚಿತ್ರ ಅಗಲಿಸಿ, ಗಲ್ಲದ ಮೇಲಿನ ಚುಟ್ಟಿಗಳನ್ನು ಒಂದೊಂದಾಗಿ ಎಣಿಸತೊಡಗಿದರು.