ಸ್ಟಿಕ್ಕರ್ ಪ್ರಿಂಟರ್‌ನ ಹೊಟ್ಟೆಯಲ್ಲಿ ಏನೇನಿದೆ? ಪಟ್ಟಿ ತೆಗೆದು ನೋಡಿ

ಪೇಡೆ ಡಬ್ಬಿಯ ಸ್ಟಿಕ್ಕರ್‌ನಲ್ಲಿ ತೂಕ, ತಾರೀಖು, ಬಾರ್‌ಕೋಡ್ ಎಲ್ಲವೂ ಸರಿಯಾಗಿದೆ. ಅಂಗಡಿಯ ಲೋಗೋ ಬರಬೇಕಾದ ಜಾಗ ಮಾತ್ರ ಖಾಲಿ. ನಿನ್ನೆ ಸಂಜೆಯವರೆಗೂ ಬರುತ್ತಿತ್ತು. ಧಾರವಾಡದ ಮಿಠಾಯಿ ಅಂಗಡಿ ಇರಲಿ, ಬ್ಯಾಡಗಿಯ ಮೆಣಸಿನಪುಡಿ ಘಟಕ ಇರಲಿ, ಈ ತೊಂದರೆ ಎದುರಾದಾಗ ಎಲ್ಲರೂ ಮೊದಲು ಬೈಯುವುದು ಪ್ರಿಂಟರ್‌ನ ಹೆಡ್ಡನ್ನು. ಹೆಡ್ ಕೆಟ್ಟಿದ್ದರೆ ಅಕ್ಷರಗಳಲ್ಲೂ ಬಿಳಿ ಗೆರೆ ಬೀಳುತ್ತಿತ್ತು. ಇಲ್ಲಿ ಕಳೆದುಹೋಗಿರುವುದು ಪ್ರಿಂಟರ್‌ನ ಮೆಮೊರಿಯಲ್ಲಿದ್ದ ಒಂದು ಫೈಲ್. ಅದು ಇದೆಯೋ ಇಲ್ಲವೋ ಎಂದು ತಿಳಿಯಲು ಪ್ರಿಂಟರ್‌ನಿಂದಲೇ ಪಟ್ಟಿ ಮಾಡಿಸಬಹುದು. ರಿಪೇರಿಯವರನ್ನು ಕರೆಯುವ ಮುನ್ನ ಈ ಕೆಲಸ ಮಾಡಿ.

ಮೊದಲು ಬಟನ್‌ನಿಂದ ಆರಂಭಿಸಿ. ಜೀಬ್ರಾ ಕಂಪನಿಯ ಜಿಕೆ420ರಂಥ ಮೇಜಿನ ಮೇಲಿಡುವ ಪ್ರಿಂಟರ್ ಆದರೆ, ಆನ್ ಇರುವಾಗ ಫೀಡ್ ಬಟನ್ ಒತ್ತಿ ಹಿಡಿಯಿರಿ. ದೀಪ ಒಮ್ಮೆ ಮಿನುಗಿದ ಕೂಡಲೇ ಕೈ ಬಿಡಿ. ಕಾನ್ಫಿಗರೇಶನ್ ಪಟ್ಟಿ ಹೊರಬರುತ್ತದೆ. ಇದರಲ್ಲಿ ಲೋಗೋಗಳ ಹೆಸರಿರುವುದಿಲ್ಲ, ಆದರೆ ‘ಆರ್’ ಮತ್ತು ‘ಇ’ ಎಂಬ ಎರಡು ಮೆಮೊರಿಗಳ ಗಾತ್ರ ಇರುತ್ತದೆ. ಟಿಎಸ್‌ಸಿ ಕಂಪನಿಯ ಟಿಟಿಪಿ-244 ಪ್ರೊ ಆದರೆ, ಫೀಡ್ ಬಟನ್ ಒತ್ತಿಕೊಂಡೇ ಸ್ವಿಚ್ ಹಾಕಿದಾಗ ಬರುವ ಸೆಲ್ಫ್ ಟೆಸ್ಟ್ ಕಾಗದದಲ್ಲಿ ಎಷ್ಟು ಫೈಲ್‌ಗಳಿವೆ, ಎಷ್ಟು ಜಾಗ ಉಳಿದಿದೆ ಎಂಬುದೂ ಅಚ್ಚಾಗುತ್ತದೆ. ಈ ಟೆಸ್ಟ್ ಮುಗಿದ ಮೇಲೆ ಪ್ರಿಂಟರ್ ಡಂಪ್ ಮೋಡ್‌ಗೆ ಹೋಗುತ್ತದೆ. ಆಗ ಏನೇ ಕಳುಹಿಸಿದರೂ ಅರ್ಥವಾಗದ ಅಂಕಿ-ಅಕ್ಷರಗಳೇ ಬರುತ್ತವೆ. ಗಾಬರಿ ಬೇಡ, ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಹೆಸರುಗಳ ಪಟ್ಟಿ ಬೇಕೆಂದರೆ ಕಂಪ್ಯೂಟರ್‌ನಿಂದ ಆಜ್ಞೆ ಕಳುಹಿಸಬೇಕು. ಜೀಬ್ರಾ ಸೆಟಪ್ ಯುಟಿಲಿಟೀಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಪ್ರಿಂಟರ್‌ನೊಂದಿಗೆ ನೇರವಾಗಿ ಸಂಪರ್ಕ ತೆರೆಯುವ ಆಯ್ಕೆ ಒತ್ತಿದರೆ ಖಾಲಿ ಕಿಟಕಿಯೊಂದು ಬರುತ್ತದೆ. ಅಲ್ಲಿ ಹೀಗೆ ಬರೆಯಿರಿ (ಎಲ್ಲವೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ):

^ಎಕ್ಸ್‌ಎ^ಡಬ್ಲ್ಯುಡಿಇ:*.*^ಎಕ್ಸ್‌ಝಡ್

ಕಳುಹಿಸುವ ಮುನ್ನ ಬೆಲೆಬಾಳುವ ಬಣ್ಣದ ಸ್ಟಿಕ್ಕರ್ ರೋಲ್ ತೆಗೆದು ಸಾದಾ ರೋಲ್ ಹಾಕಿ; ಪಟ್ಟಿ ಉದ್ದವಿದ್ದರೆ ನಾಲ್ಕಾರು ಸ್ಟಿಕ್ಕರ್ ಹಾಳಾಗುತ್ತವೆ. ಡಬ್ಲ್ಯುಡಿ ಬದಲು ಎಚ್‌ಡಬ್ಲ್ಯು ಎಂದು ಬರೆದರೆ ಪಟ್ಟಿ ಕಾಗದಕ್ಕೆ ಬರದೆ ಪರದೆಯ ಮೇಲೆ ಬರುತ್ತದೆ.

ಈಗ ಓದುವ ಕೆಲಸ. ಪ್ರತಿ ಹೆಸರಿನ ಕೊನೆಯಲ್ಲಿರುವ ಬಾಲವನ್ನು ನೋಡಿ. ಜಿಆರ್‌ಎಫ್ ಅಥವಾ ಪಿಎನ್‌ಜಿ ಇದ್ದರೆ ಅದು ಚಿತ್ರ: ನಿಮ್ಮ ಲೋಗೋ, ಆಹಾರ ಸುರಕ್ಷತಾ ಪ್ರಾಧಿಕಾರದ ಗುರುತು ಇತ್ಯಾದಿ. ಎಫ್‌ಎನ್‌ಟಿ ಅಥವಾ ಟಿಟಿಎಫ್ ಇದ್ದರೆ ಫಾಂಟ್. ಝಡ್‌ಪಿಎಲ್ ಎಂದಿದ್ದರೆ ಇಡೀ ಸ್ಟಿಕ್ಕರ್‌ನ ಸಿದ್ಧ ನಮೂನೆ. ಮುಂದಿರುವ ಸಂಖ್ಯೆ ಬೈಟ್ ಲೆಕ್ಕದಲ್ಲಿ ಗಾತ್ರ. ಇದು ಬಹಳ ಉಪಯೋಗದ ಸಂಖ್ಯೆ. 400 ಚುಕ್ಕೆ ಅಗಲ, 400 ಚುಕ್ಕೆ ಎತ್ತರದ ಕಪ್ಪು-ಬಿಳುಪು ಲೋಗೋ ಸುಮಾರು 20,000 ಬೈಟ್ ಇರುತ್ತದೆ. ಹೆಸರು ಸರಿಯಿದ್ದು ಗಾತ್ರ ಕೆಲವೇ ನೂರು ಬೈಟ್ ಇದ್ದರೆ, ಆ ಹೆಸರಿನಲ್ಲಿ ಬೇರೆ ಯಾವುದೋ ಚಿಕ್ಕ ಚಿತ್ರ ಕುಳಿತಿದೆ ಎಂದರ್ಥ. ಅದೇ ಲೋಗೋ 203 ಡಿಪಿಐ (ಇಂಚಿಗೆ 203 ಚುಕ್ಕೆ) ಪ್ರಿಂಟರ್‌ನಲ್ಲಿ 50 ಮಿಲಿಮೀಟರ್ ಅಗಲ ಬಂದರೆ 300 ಡಿಪಿಐ ಪ್ರಿಂಟರ್‌ನಲ್ಲಿ ಸುಮಾರು 34ಕ್ಕೆ ಇಳಿಯುತ್ತದೆ. ಹೊಸ ಪ್ರಿಂಟರ್ ತಂದವರು ‘ಲೋಗೋ ಸಣ್ಣದಾಯಿತು’ ಎಂದು ಹೇಳುವುದಕ್ಕೆ ಕಾರಣ ಇದೇ.

ಇನ್ನು, ‘ಇ’ ಇದ್ದ ಕಡೆ ‘ಆರ್’ ಹಾಕಿ ಮತ್ತೊಮ್ಮೆ ಪಟ್ಟಿ ತೆಗೆಯಿರಿ. ‘ಇ’ ಎಂಬುದು ಫ್ಲ್ಯಾಶ್ ಮೆಮೊರಿ, ಕರೆಂಟ್ ಹೋದರೂ ಉಳಿಯುತ್ತದೆ. ‘ಆರ್’ನಲ್ಲಿರುವುದು ಸ್ವಿಚ್ ಆರಿಸಿದ ಕ್ಷಣ ಅಳಿಸಿಹೋಗುತ್ತದೆ. ಆರಂಭದಲ್ಲಿ ಹೇಳಿದ ಖಾಲಿ ಜಾಗಕ್ಕೆ ಹೆಚ್ಚಿನ ಸಲ ಉತ್ತರ ಇಲ್ಲೇ ಸಿಗುತ್ತದೆ. ಲೋಗೋ ಹಾಕಿಕೊಟ್ಟವರು ಅದನ್ನು ‘ಆರ್’ನಲ್ಲಿ ಇಟ್ಟು ಹೋಗಿರುತ್ತಾರೆ, ಪ್ರಿಂಟರ್ ಆಫ್ ಆಗದಿರುವಷ್ಟು ದಿನ ಎಲ್ಲವೂ ಸರಿಯಾಗಿ ನಡೆಯುತ್ತದೆ. ಲೋಗೋವನ್ನು ‘ಇ’ಗೆ ಹಾಕಿಸಿಕೊಳ್ಳಿ, ಸ್ಟಿಕ್ಕರ್‌ನ ನಮೂನೆಯಲ್ಲೂ ಆ ಅಕ್ಷರ ಬದಲಾಯಿಸಿ. ‘ಝಡ್’ನಲ್ಲಿ ಕಾಣುವುದು ಕಾರ್ಖಾನೆಯಿಂದಲೇ ಬಂದ ಫಾಂಟುಗಳು, ಅವನ್ನು ಅಳಿಸಲಾಗದು.

ಟಿಎಸ್‌ಸಿ ಪ್ರಿಂಟರ್ ಇರುವವರಿಗೆ ಇಷ್ಟು ಕಷ್ಟವಿಲ್ಲ. ಆ ಕಂಪನಿಯ ಡಯಾಗ್ನೋಸ್ಟಿಕ್ ಟೂಲ್‌ನಲ್ಲಿ ಆಜ್ಞೆ ಕಳುಹಿಸುವ ಜಾಗದಲ್ಲಿ ‘ಫೈಲ್ಸ್’ ಎಂಬ ಒಂದೇ ಪದವನ್ನು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ ಕಳುಹಿಸಿದರೆ ಸಾಕು.

ಪಟ್ಟಿಯಲ್ಲಿ ಕನ್ನಡ ಫಾಂಟ್ ಒಂದೂ ಕಾಣಲಿಲ್ಲವೇ? ಹಾಗಿದ್ದರೂ ನಿಮ್ಮ ಸ್ಟಿಕ್ಕರ್‌ನಲ್ಲಿ ಕನ್ನಡ ಅಂದವಾಗಿ ಬರುತ್ತಿರಬಹುದು. ವಿಂಡೋಸ್ ಡ್ರೈವರ್ ಮೂಲಕ ಮುದ್ರಿಸುವಾಗ ಕಂಪ್ಯೂಟರ್ ಕನ್ನಡದ ಸಾಲನ್ನು ಚಿತ್ರವಾಗಿ ಮಾಡಿಯೇ ಕಳುಹಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ಅಂಗಡಿಗಳಿಗೆ ಇದೇ ಒಳ್ಳೆಯ ದಾರಿ. ಪ್ರಿಂಟರ್‌ಗೇ ಕನ್ನಡದ ಟಿಟಿಎಫ್ ತುಂಬಿದರೆ ಅಕ್ಷರಗಳು ಬರುತ್ತವೆ, ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತವೆ ಎಂಬ ಖಾತರಿ ಇಲ್ಲ. ‘ಹುಬ್ಬಳ್ಳಿ’ ಎಂದು ಮುದ್ರಿಸಿ ನೋಡಿ. ಬಕಾರದ ಕೆಳಗೆ ಬಕಾರ, ಳಕಾರದ ಕೆಳಗೆ ಳಕಾರ ಬಂದರೆ ಸರಿ. ಅರ್ಧಾಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತರೆ ಆ ಪ್ರಿಂಟರ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲ.

ಹುಬ್ಬಳ್ಳಿಯ ದುರ್ಗದ ಬೈಲಿನಂಥ ಪೇಟೆಯ ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು ಬಿಲ್ ಪ್ರಿಂಟರ್. ಎಪ್ಸನ್ ಆಜ್ಞೆಗಳನ್ನು ಅನುಸರಿಸುವ ಪ್ರಿಂಟರ್‌ಗೆ 28, 112, 1, 0 ಎಂಬ ನಾಲ್ಕು ಬೈಟ್ ಕಳುಹಿಸಿದರೆ ಹಳೆಯ ವಿಧಾನದಲ್ಲಿ ತುಂಬಿಸಿದ ಮೊದಲನೆಯ ಲೋಗೋ ಅಚ್ಚಾಗುತ್ತದೆ. ಎಚ್ಚರ, 112ರ ಬದಲು 113 ಕಳುಹಿಸಬೇಡಿ. ಅದು ಹೊಸ ಲೋಗೋ ಬರೆಯುವ ಆಜ್ಞೆ, ಹಿಂದಿನವೆಲ್ಲ ಅಳಿಸಿಹೋಗುತ್ತವೆ. ಈ ಪ್ರಿಂಟರ್‌ಗಳಲ್ಲಿ ಕನ್ನಡ ಅಕ್ಷರಗಳನ್ನು ಆಯ್ದುಕೊಳ್ಳುವ ಅಕ್ಷರಕೋಷ್ಟಕದ (ಕೋಡ್ ಪೇಜ್) ಸಂಖ್ಯೆ 72. ಎಲ್ಲ ಮಾದರಿಗಳಲ್ಲೂ ಅದು ಇರುವುದಿಲ್ಲ.

ಮುದ್ರಣ ಕಾಶಿ ಎನಿಸಿಕೊಂಡ ಗದಗಿನ ಪ್ರೆಸ್‌ಗಳಲ್ಲಿ ಪ್ರೂಫ್ ತೆಗೆಯುವ ಲೇಸರ್ ಪ್ರಿಂಟರ್‌ಗೆ ಪರದೆಯಿದ್ದರೆ ಕೆಲಸ ಇನ್ನೂ ಸುಲಭ. ರಿಪೋರ್ಟ್ಸ್ ಮೆನುವಿನಲ್ಲಿ ಪಿಸಿಎಲ್ ಮತ್ತು ಪಿಎಸ್ (ಲೇಸರ್ ಪ್ರಿಂಟರ್‌ಗೆ ಅರ್ಥವಾಗುವ ಎರಡು ಭಾಷೆಗಳು) ಫಾಂಟ್ ಪಟ್ಟಿಗಳಿರುತ್ತವೆ, ಒತ್ತಿದರೆ ಆಯಿತು.

ಸೆಕೆಂಡ್ ಹ್ಯಾಂಡ್ ಸ್ಟಿಕ್ಕರ್ ಪ್ರಿಂಟರ್ ಕೊಂಡವರು ಮನೆಗೆ ತಂದ ದಿನವೇ ‘ಇ’ ಪಟ್ಟಿ ತೆಗೆಯಲೇಬೇಕು. ಹಿಂದಿನವರ ನಮೂನೆಯಲ್ಲಿ ಅವರ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಉಳಿದಿದ್ದು, ಅದೇ ನಿಮ್ಮ ಉಪ್ಪಿನಕಾಯಿ ಡಬ್ಬಿಯ ಮೇಲೆ ಬಂದರೆ ತನಿಖೆಗೆ ಬಂದವರಿಗೆ ಉತ್ತರ ಹೇಳಬೇಕಾದವರು ನೀವು. ಬೇಡದ ಫೈಲನ್ನು ಅಳಿಸಲು ^ಐಡಿ ಆಜ್ಞೆಯ ಮುಂದೆ ಅದರ ಪೂರ್ಣ ಹೆಸರು ಬರೆಯಿರಿ. ನಕ್ಷತ್ರ ಚಿಹ್ನೆ ಹಾಕಿ ಒಟ್ಟಿಗೆ ಅಳಿಸಲು ಹೋಗಬೇಡಿ, ‘ಇ’ನಲ್ಲಿ ಕಂಪನಿಯೇ ಇಟ್ಟ ಫಾಂಟುಗಳೂ ಇರಬಹುದು. ಒಂದೊಂದಾಗಿ ಅಳಿಸಿ, ಮತ್ತೆ ಪಟ್ಟಿ ತೆಗೆದು, ಹೋಗಿದೆಯೇ ಎಂದು ನೋಡಿಕೊಂಡ ಮೇಲೆಯೇ ಮೊದಲ ಸ್ಟಿಕ್ಕರ್ ಹೊಡೆಯಿರಿ.