ಸೊನ್ನೆ ಕ್ಷೇತ್ರದಲ್ಲಿ ಸೋರಿಹೋಗುತ್ತಿದ್ದ ಕಾಂತತೆ

ಡಿಸ್ಪ್ರೋಸಿಯಂ ಎಂಬ ಲೋಹದ ಏಕ-ಅಣು ಕಾಂತವೊಂದನ್ನು (ಪ್ರತಿ ಅಣುವೂ ತಾನೇ ಪುಟ್ಟ ಕಾಂತದಂತೆ ವರ್ತಿಸುವ ವಸ್ತು) ತಯಾರಿಸಿ, ಅತಿ ಸಣ್ಣ ಕಾಂತತೆಯನ್ನೂ ಅಳೆಯುವ ಸ್ಕ್ವಿಡ್ ಮಾಪಕದಲ್ಲಿ 2 ಕೆಲ್ವಿನ್‌ಗೆ ತಣಿಸಿ, ಕಾಂತಕ್ಷೇತ್ರವನ್ನು 5 ಟೆಸ್ಲಾದಿಂದ ಮೆಲ್ಲಗೆ ಇಳಿಸುತ್ತಾ ಬಂದೆ. ಸೊನ್ನೆಯನ್ನು ಸಮೀಪಿಸುತ್ತಿದ್ದಂತೆ ಕಾಂತತೆಯ ಗೆರೆ ಒಮ್ಮೆಲೇ ಕುಸಿಯಿತು. ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಕಾಂತತೆ ಬರೆಯುವ ಹಿಸ್ಟೆರಿಸಿಸ್ ಕುಣಿಕೆ ನಡುವಿನಲ್ಲಿ ಹಿಚುಕಿದ ಚಿಟ್ಟೆಯಂತೆ ಕಂಡಿತು.

ಸ್ಪಿನ್, ಅಂದರೆ ಅಣುವಿನೊಳಗಿನ ಪುಟ್ಟ ಕಾಂತದ ದಿಕ್ಕು, ಮಗುಚಲು ದಾಟಬೇಕಾದ ಶಕ್ತಿಯ ತಡೆಗೋಡೆ ಎತ್ತರವಾಗಿಯೇ ಇತ್ತು. ಆದರೆ ಸ್ಪಿನ್‌ಗಳು ಅದನ್ನು ಹತ್ತದೆ, ಕ್ವಾಂಟಂ ಟನೆಲಿಂಗ್ ಮೂಲಕ ಗೋಡೆಯೊಳಗಿಂದಲೇ ಆಚೆಗೆ ಹೋಗುತ್ತಿದ್ದವು. ಡಿಸ್ಪ್ರೋಸಿಯಂ ಅಯಾನಿನಲ್ಲಿ ಜೋಡಿಯಾಗದ ಎಲೆಕ್ಟ್ರಾನುಗಳ ಸಂಖ್ಯೆ ಬೆಸವಾಗಿರುವುದರಿಂದ, ಅದು ಒಂಟಿಯಾಗಿದ್ದರೆ ಸೊನ್ನೆ ಕ್ಷೇತ್ರದಲ್ಲಿ ಈ ದಾರಿ ಮುಚ್ಚಿರಬೇಕು. ಅದನ್ನು ತೆರೆಯುವುದು ನೆರೆಯ ಅಣುಗಳ ಕಾಂತಕ್ಷೇತ್ರ ಮತ್ತು ಅಯಾನಿನದೇ ನ್ಯೂಕ್ಲಿಯಸ್‌ನ ಸ್ಪಿನ್. ಆದ್ದರಿಂದ ಅಣುವನ್ನು ಬದಲಿಸುವ ಮೊದಲು, ನಷ್ಟದಲ್ಲಿ ನೆರೆಯವರ ಪಾಲೆಷ್ಟು ಎಂದು ತಿಳಿಯಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕಾಗಿ, ಡಿಸ್ಪ್ರೋಸಿಯಂ ಅಣುಗಳು ಒಂದರಿಂದೊಂದು ದೂರವಾಗುವಂತೆ, ಕಾಂತಗುಣವಿಲ್ಲದ ಯಿಟ್ರಿಯಂ ಲವಣದ 19 ಪಾಲಿಗೆ ಡಿಸ್ಪ್ರೋಸಿಯಂ ಲವಣದ 1 ಪಾಲು ಬೆರೆಸಿ ಸ್ಫಟಿಕ ಬೆಳೆಸಿದೆ. ಎರಡೂ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಕ್ಷೇತ್ರದ ಸೆಳೆತಕ್ಕೆ ಸಣ್ಣ ಹರಳುಗಳು ತಿರುಗದಂತೆ, ಮೇಣದಂಥ ಐಕೋಸೇನನ್ನು ಕೈಬಿಸಿಗಿಂತ ಸ್ವಲ್ಪವೇ ಹೆಚ್ಚು ಕಾಯಿಸಿ ಕರಗಿಸಿ, ಪುಡಿಯನ್ನು ಅದರಲ್ಲಿ ಹುದುಗಿಸಿದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ದ್ರಾವಣದಲ್ಲಿ ಶೇ. 5 ಹಾಕಿದ್ದರಿಂದ ಹರಳಿನಲ್ಲೂ ಶೇ. 5 ಇದೆಯೆಂದು ನಂಬಿ ಲೆಕ್ಕ ಹಾಕಿದಾಗ, ಕೋಣೆಯ ಉಷ್ಣತೆಯಲ್ಲಿ ಕಾಂತಗ್ರಾಹ್ಯತೆ (ಕ್ಷೇತ್ರಕ್ಕೆ ವಸ್ತು ಎಷ್ಟು ಕಾಂತಗೊಳ್ಳುತ್ತದೆ ಎಂಬ ಅಳತೆ) ಮತ್ತು ಉಷ್ಣತೆಯ ಗುಣಲಬ್ಧ, ಒಂದು ಮೋಲ್ ಡಿಸ್ಪ್ರೋಸಿಯಂಗೆ cm³·K ಮಾನದಲ್ಲಿ, 14.17ರ ಆಸುಪಾಸಿನಲ್ಲಿ ಇರಬೇಕಾದದ್ದು 20ರ ಹತ್ತಿರ ಬಂದಿತು. ಹರಳುಗಳನ್ನು ಆಮ್ಲದಲ್ಲಿ ಕರಗಿಸಿ ಲೋಹಗಳನ್ನು ಅಳೆಸಿದ ಮೇಲೆ ಡಿಸ್ಪ್ರೋಸಿಯಂ ಶೇ. 7ರಷ್ಟಿರುವುದು ತಿಳಿಯಿತು. ಅಂದಿನಿಂದ ಪ್ರತಿ ಕಂತಿನ ಹರಳುಗಳನ್ನೂ ಹೀಗೆ ಅಳೆಸದೆ ಮುಂದುವರಿದಿಲ್ಲ.

ಹೀಗೆ ಯಿಟ್ರಿಯಂ ಬೆರೆಸಿ ಡಿಸ್ಪ್ರೋಸಿಯಂ ವಿರಳಗೊಳಿಸಿದ ಮಾದರಿಯಲ್ಲಿ ಕುಣಿಕೆಯ ನಡು ಸ್ಪಷ್ಟವಾಗಿ ತೆರೆದುಕೊಂಡಿತು, ಕುಸಿತ ಚಿಕ್ಕದಾಯಿತು. ಆದರೆ ಪೂರ್ತಿ ಅಳಿಯಲಿಲ್ಲ. ಉಳಿದ ನಷ್ಟ ಅಣುವಿನ ಒಳಗಿನದು. ಸ್ಫಟಿಕ ರಚನೆಯನ್ನು ಮತ್ತೆ ನೋಡಿದಾಗ, ಡಿಸ್ಪ್ರೋಸಿಯಂನ ಮೇಲೆ ಕೆಳಗೆ ಕುಳಿತ ಎರಡು ಆಕ್ಸಿಜನ್‌ಗಳು ಒಂದೇ ಗೆರೆಯಲ್ಲಿರದೆ ಬಾಗಿದ್ದವು. ಲೋಹವನ್ನು ಸುತ್ತುವರಿದು ಹಿಡಿದಿರುವ ಲಿಗ್ಯಾಂಡ್ ಎಂಬ ಅಣುವಿಗೆ ಪರಮಾಣುಗಳ ದಪ್ಪ ಗುಂಪೊಂದನ್ನು ಸೇರಿಸಿದಾಗ ಆ ಕೋನ 180 ಡಿಗ್ರಿಯ ಕಡೆಗೆ ನೆಟ್ಟಗಾಗಿ, ಸೊನ್ನೆ ಕ್ಷೇತ್ರದಲ್ಲಿ ಉಳಿಯುವ ಕಾಂತತೆ ಇನ್ನಷ್ಟು ಹೆಚ್ಚಿತು. ನೈಸರ್ಗಿಕ ಡಿಸ್ಪ್ರೋಸಿಯಂನಲ್ಲಿ ಶೇ. 44ರಷ್ಟು ಪರಮಾಣುಗಳಿಗೆ ನ್ಯೂಕ್ಲಿಯ ಸ್ಪಿನ್ ಇದೆ. ಅದಿಲ್ಲದ ಡಿಸ್ಪ್ರೋಸಿಯಂ-164ರಿಂದ ಇದೇ ಹರಳನ್ನು ಈಗ ಬೆಳೆಸುತ್ತಿದ್ದೇನೆ.