ಲೀಗ್‌ನಲ್ಲಿ ಈ ಸಲ ನಿಜವಾಗಿ ಮೇಲೆದ್ದ ಹುಡುಗ ಯಾರು?

ದಾವಣಗೆರೆಯಲ್ಲಿ ಕ್ರಿಕೆಟ್ ಲೀಗ್ ಮುಗಿದ ಮೇಲೆ ಒಟ್ಟು ರನ್ ನೋಡಿ ತೀರ್ಮಾನಿಸಬೇಡಿ, ಸ್ಕೋರ್‌ಬುಕ್ ತೆಗೆಯಿರಿ. ಪ್ರತಿ ಬ್ಯಾಟರ್‌ನ ಅತಿ ದೊಡ್ಡ ಇನಿಂಗ್ಸ್ ಬಿಟ್ಟು ಸರಾಸರಿ ಹಾಕಿ. ಹತ್ತು ಸಲ ಔಟಾಗಿ 400 ರನ್ ಹೊಡೆದವನ ಲೆಕ್ಕದಿಂದ 180ರ ಒಂದು ಇನಿಂಗ್ಸನ್ನು, ಅದರ ಔಟ್ ಸಮೇತ, ಕಳೆದರೆ ಸರಾಸರಿ 40ರಿಂದ 24ಕ್ಕೆ ಇಳಿಯುತ್ತದೆ. ಅಷ್ಟೇ ಸಲ ಔಟಾಗಿ 360 ಹೊಡೆದು, ಗರಿಷ್ಠ 70 ಇದ್ದವನದು 32ರಲ್ಲಿ ನಿಲ್ಲುತ್ತದೆ. ನಮ್ಮ ಮತ ಇವನಿಗೇ.

ಹಿಂದಿನ ವರ್ಷದ ಪುಸ್ತಕವನ್ನೂ ಪಕ್ಕದಲ್ಲಿಡಿ. ಡಿವಿಷನ್, ಅಂದರೆ ಲೀಗ್‌ನ ದರ್ಜೆ, ಬದಲಾಗಿದೆಯೇ ನೋಡಿ. ಮ್ಯಾಟಿಂಗ್ (ಚಾಪೆ ಹಾಸಿದ ಪಿಚ್) ಮೇಲೆ ಚೆಂಡಿನ ಪುಟಿತ ಬೇರೆ, ಟರ್ಫ್‌ನ (ಹುಲ್ಲು-ಮಣ್ಣಿನ ಪಿಚ್) ರನ್ ಪ್ರತ್ಯೇಕ ಬರೆಯಿರಿ.

ವಿನಯ್ ಕುಮಾರ್‌ನಂಥ ವೇಗಿಯನ್ನು ಕೊಟ್ಟ ಊರಿದು. ಬೌಲರ್‌ಗಳನ್ನು ವಿಕೆಟ್ ಎಣಿಸಿ ಅಳೆಯಬಾರದು. ಔಟಾದವರು ಮೇಲಿನ ಐವರು ಬ್ಯಾಟರ್‌ಗಳೋ, ಕೊನೆಯಲ್ಲಿ ಬರುವ ಬಾಲಂಗೋಚಿಗಳೋ? ಕೈಬಿಟ್ಟ ಕ್ಯಾಚ್‌ಗಳು ಸಾಮಾನ್ಯವಾಗಿ ಪುಸ್ತಕದಲ್ಲಿ ಇರುವುದಿಲ್ಲ, ಸ್ಕೋರರ್‌ನನ್ನೇ ಕೇಳಿ.